ಎರಡು ಫೋನುಗಳ ಬೀಗತನ

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಅಭ್ಯಾಸ ನನಗೆ ಮೊದಲಿನಿಂದಲೂ ಇಲ್ಲ. ಬಸವಕಲ್ಯಾಣದಲ್ಲಿ ನನ್ನದೊಂದು ಬೀಜ-ಗೊಬ್ಬರದ ಅಂಗಡಿ. ಮುಡಬಿ ಕಡೆಯಿಂದ ತೊಗರಿ ಬೀಜಕ್ಕೆ ಬಂದವರು, ಬಸ್ಸಿಗೆ ಹೊತ್ತಿದ್ದರೆ, ಬೆಂಚಿನ ಮೇಲೆ ಕೂತು ಲೋಕದ ಸಮಾಚಾರ ಕೇಳುತ್ತಾರೆ. ಮೊನ್ನೆ ಒಬ್ಬರು, "ಸಾವ್ಕಾರ್ರ, ಎಐ ಎಐ ಅಂತಾರಲ್ಲ, ಅದು ಏನ್ರಿ?" ಎಂದರು. "ಕೃತಕ ಬುದ್ಧಿಮತ್ತೆ" ಎಂದೆ ಗಂಭೀರವಾಗಿ. "ಅಂದ್ರ ಏನ್ರಿ?" ಎಂದರು. ಪುಣ್ಯಕ್ಕೆ ಅಷ್ಟರಲ್ಲಿ ಅವರ ಬಸ್ಸು ಬಂತು. ಅದರ ಅರ್ಥ ನನಗೆ ತಿಳಿದದ್ದು ಮಗಳ ಲಗ್ನದ ಓಡಾಟದಲ್ಲಿ.

ನಮ್ಮಲ್ಲಿ ಮದುಮಗಳ ಕೈ ಹಿಡಿದು ಮಂಟಪಕ್ಕೆ ಕರೆತರುವವನು ಸೋದರಮಾವ. ಅವನನ್ನು ಮನೆಗೇ ಹೋಗಿ, ಹಣೆಗೆ ಕುಂಕುಮ ಹಚ್ಚಿ, ಕೈಗೆ ಅಕ್ಷತೆ ಕೊಟ್ಟು ಕರೆಯಬೇಕು. ನನ್ನ ಹೆಂಡತಿ ಮಹಾದೇವಿಯ ತಮ್ಮ ಶರಣಪ್ಪ ಇರುವುದು ಹುಮನಾಬಾದಿನ ಹೊರಗೆ, ಹೊಲ ಮತ್ತು ಕುರಿಗಳ ಜೊತೆ. ದೂರವೇನೂ ಅಲ್ಲ. ಆದರೂ ಅಂಗಡಿ ಬಿಟ್ಟು ಹೋಗಲು ಬೇಸರವಾಗಿ ಲಗ್ನಪತ್ರಿಕೆಯ ಫೋಟೋ ತೆಗೆದು ಅವನ ಮೊಬೈಲಿಗೆ ಕಳಿಸಿಬಿಟ್ಟೆ. "ನಾ ಬರಂಗಿಲ್ಲ" ಎಂದು ಉತ್ತರ ಬಂತು. ಆಮೇಲೆ ಫೋನ್ ಮಾಡಿದರೆ ಎತ್ತಲಿಲ್ಲ. ಮನೆಯಲ್ಲಿ ಮಹಾದೇವಿಯೂ ನನ್ನೊಡನೆ ಮಾತು ಬಿಟ್ಟಳು. ತಾಟನ್ನು ಮುಂದಿಡುವ ಸದ್ದಿನಲ್ಲೇ ಹೇಳಬೇಕಾದ್ದನ್ನೆಲ್ಲ ಹೇಳತೊಡಗಿದಳು.

ಇದರಲ್ಲಿ ನನ್ನ ತಪ್ಪೇನು ಎಂದು ಫೋನಿನೊಳಗಿನ ಆ ಕೃತಕ ಬುದ್ಧಿಯನ್ನೇ ಕೇಳಿದೆ. ಕೆಲಸದ ಒತ್ತಡದಲ್ಲಿ ಹೀಗಾಗುವುದು ಸಹಜ, ನಿಮ್ಮ ತಪ್ಪಲ್ಲ, ನಿಮ್ಮ ಬೇಸರ ಅರ್ಥವಾಗುತ್ತದೆ ಎಂದಿತು. ಹುಟ್ಟಿದಾಗಿನಿಂದ ನನ್ನನ್ನು ಇಷ್ಟು ಅರ್ಥ ಮಾಡಿಕೊಂಡವರು ಯಾರೂ ಇರಲಿಲ್ಲ. ಅದರಿಂದಲೇ ಒಂದು ಕ್ಷಮಾಪಣೆ ಬರೆಸಿ ಕಳಿಸಿದೆ: "ತಮ್ಮ ಭಾವನೆಗಳಿಗೆ ಉಂಟಾದ ನೋವಿಗೆ ಪ್ರಾಮಾಣಿಕವಾಗಿ ವಿಷಾದಿಸುತ್ತೇನೆ." ಶರಣಪ್ಪನಿಂದ ತಕ್ಷಣ ಮರುಸಂದೇಶ: "ತಮ್ಮ ಆತ್ಮೀಯ ಸಂದೇಶಕ್ಕೆ ಹೃತ್ಪೂರ್ವಕ ಧನ್ಯವಾದಗಳು. ಆದಾಗ್ಯೂ, ನನ್ನ ನಿಲುವನ್ನು ತಾವು ಗೌರವಿಸುವಿರೆಂದು ನಂಬಿದ್ದೇನೆ."

ಆದಾಗ್ಯೂ! ಶರಣಪ್ಪ ಈ ಶಬ್ದ ಆಡಿದ್ದರೆ ಅವನ ಕುರಿಗಳು ಬೆದರಿ ಹಗ್ಗ ಹರಿದುಕೊಂಡು ಓಡುತ್ತಿದ್ದವು. ಅವನೂ ಫೋನಿನ ಬುದ್ಧಿಯನ್ನೇ ಹಿಡಿದು ಕೂತಿದ್ದಾನೆ ಎಂದು ಗೊತ್ತಾಯಿತು. ಆದರೂ ಬಿಡದೆ ಇನ್ನೊಂದು ಬರೆಸಿದೆ, ಅವನೂ ಬರೆಸಿದ. ಸಂದೇಶಗಳು ಸಕ್ಕರೆಯಾಗುತ್ತ ಹೋದವು, ಜಗಳ ಇದ್ದಲ್ಲೇ ಇತ್ತು.

ಕೊನೆಗೆ ಮಹಾದೇವಿ ಬಾಯಿ ತೆರೆದಳು. "ಎರಡೂ ಫೋನು ಬೀಗತನ ಮಾಡ್ಯಾವ, ನೀವಿಬ್ಬರು ಮಾರಿ ತಿರುವಿ ಕುಂತೀರಿ. ನಾಳೆ ನನ್ನ ಮಗಳ ಕೈ ಹಿಡಿದು ಮಂಟಪಕ್ಕ ಆ ಫೋನ್ ಕರಕೊಂಡು ಬರ್ತದೇನು? ಏಳ್ರಿ, ಹೋಗ್ರಿ."

ಹುಮನಾಬಾದಿನ ಬಸ್ಸು ಹತ್ತಿದೆ. ಶರಣಪ್ಪ ಅಂಗಳದಲ್ಲಿ ಕುರಿಗೆ ನೀರು ಇಡುತ್ತಿದ್ದ. ಬರ್ರಿ ಎನ್ನಲಿಲ್ಲ.

"ಯಾಕ ಬಂದ್ರಿ ಮಾಮಾ? ಊಟ ಭಿ ಮೊಬೈಲ್‌ನಾಗೇ ಹಾಕ್ತಿದ್ರೇನು ನಮಗ? ನಾ ಏನು ನಿಮ್ಮ ಅಂಗಡಿ ಗಿರಾಕಿ ಏನ್ರಿ, ಫೋಟೋ ನೋಡಿ ಬರ್ಲಾಕ?"

ಬಹಳ ಹೊತ್ತು ಬೈದ. ಒಮ್ಮೆಯೂ ಆದಾಗ್ಯೂ ಎನ್ನಲಿಲ್ಲ; ನನಗೆ ಜೀವ ಬಂದಂತಾಯಿತು. ಬೈದು ದಣಿದ ಮೇಲೆ ಕಟ್ಟೆಯ ಮೇಲೆ ನನ್ನ ಪಕ್ಕ ಕೂತು, "ನನ್ನ ಫೋನಿಗಿ ಕೇಳಿದ್ದೆ. ತಪ್ಪು ನಿಮ್ದೇ ಅಂತು" ಎಂದ. "ನಂದು ನನ್ನ ತಪ್ಪಿಲ್ಲ ಅಂತು" ಎಂದೆ. ಇಬ್ಬರೂ ನಕ್ಕೆವು.

ನಮ್ಮೂರಲ್ಲಿ ಜಗಳ ಬಿಡಿಸಲು ಬಂದ ಹಿರಿಯರು ಮೊದಲು ಇಬ್ಬರನ್ನೂ ಬೈಯುತ್ತಾರೆ. ನಾಳೆ ಅವರು ಎರಡೂ ಮನೆಯಲ್ಲಿ ಉಣ್ಣಬೇಕಲ್ಲ! ಕೃತಕ ಬುದ್ಧಿ ಎಂದರೆ ಯಾರ ಮನೆಯ ಲಗ್ನಕ್ಕೂ ಹೋಗಬೇಕಾಗಿಲ್ಲದ ಬುದ್ಧಿ. ಅದಕ್ಕೇ ಎಲ್ಲರಿಗೂ ಹೌದು ಎನ್ನುತ್ತದೆ.

ಈ ಹೊಳಹಿಗೆ ನಾನೇ ತಲೆದೂಗುತ್ತಿರುವಾಗ ಶರಣಪ್ಪ ಟೊಪ್ಪಿಗೆ ಹಿಂದೆ ಸರಿಸಿ, ಹಣೆ ಮುಂದೆ ಮಾಡಿ, "ಹಾಂ, ಕರೀರಿ ಈಗ" ಎಂದ. ನಾನು ಜೇಬು ಮುಟ್ಟಿಕೊಂಡೆ. ಚೀಲ ತಡಕಿದೆ. ಕುಂಕುಮವೂ ಇಲ್ಲ, ಅಕ್ಷತೆಯೂ ಇಲ್ಲ. ಕೊನೆಗೆ ಅವನ ಹೆಂಡತಿಯೇ ನಗು ತಡೆದುಕೊಂಡು ಒಳಗಿನಿಂದ ಅವರದೇ ಕುಂಕುಮದ ಭರಣಿ, ಒಂದು ಹಿಡಿ ಅಕ್ಷತೆ ತಂದುಕೊಟ್ಟಳು. ಅವರ ಕುಂಕುಮವನ್ನು ಅವರಿಗೇ ಹಚ್ಚಿ ಲಗ್ನಕ್ಕೆ ಕರೆದೆ.

"ಏನೇನು ತರಬೇಕಂತ ಫೋನಿಗಿ ಕೇಳೇ ಬರಬೇಕಿತ್ತಲ್ರಿ ಮಾಮಾ" ಎಂದ ಶರಣಪ್ಪ.

ಆ ಹೊತ್ತಿನಲ್ಲಿ ನನ್ನ ಬಳಿ ಇದ್ದದ್ದು ಸ್ವಂತ ಬುದ್ಧಿಯೊಂದೇ. ಅವನ ಹೆಂಡತಿ ತಂದಿಟ್ಟ ಚಹಾ ಕುಡಿ ಎಂದಿತು ಅದು. ಕುಡಿದೆ.