ಸಬ್ಬಕ್ಕಿಯ ಆಕಾಶಬುಟ್ಟಿ

ಎಲ್ಲರ ಮನೆಯಲ್ಲೂ ಹಬ್ಬ ಮುಗಿದ ಮೇಲೆ ಅಲಂಕಾರವನ್ನು ಬಿಚ್ಚಿ ಎತ್ತಿಡುತ್ತಾರೆ. ನಮ್ಮತ್ತೆಯ ಮನೆಯಲ್ಲಿ ಅದನ್ನು ತಿನ್ನುತ್ತಾರೆ! ತಮಾಷೆಗೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ತೊಂಬತ್ತರ ದಶಕದಲ್ಲಿ ತಮಿಳುನಾಡಿನ ಸೇಲಂನಲ್ಲಿ ಕೆಲಸ ಸಿಕ್ಕಾಗ ನಾನು ಉಳಿದುಕೊಂಡದ್ದು ಅಪ್ಪನ ತಂಗಿಯಾದ ಈ ಅತ್ತೆಯ ಮನೆಯಲ್ಲೇ. ಬಾಗಿಲ ತೋರಣವನ್ನೂ, ಮಂಟಪದ ಕುಚ್ಚುಗಳನ್ನೂ, ಒಂದಷ್ಟು ಆನೆ ಒಂಟೆಗಳನ್ನೂ ತಿಂದು ಅರಗಿಸಿಕೊಂಡವಳು ನಾನು. ನನ್ನ ಮಾತನ್ನು ಧಾರಾಳವಾಗಿ ನಂಬಬಹುದು.

ಅತ್ತೆಯ ಸಿದ್ಧಾಂತ ಬಹಳ ಸರಳವಾದದ್ದು. ಅಂಗಡಿಯಿಂದ ಬಣ್ಣದ ಕಾಗದ, ಪ್ಲಾಸ್ಟಿಕ್ ಮಾವಿನೆಲೆ, ಜರಿ ಹಾಳೆ ತಂದು ಕಟ್ಟುವವರನ್ನು ಕಂಡರೆ ಅವರಿಗೆ ನಿಜವಾಗಿಯೂ ಕನಿಕರ. "ದುಡ್ಡು ಕೊಟ್ಟು ಕಸ ತರ್ತಾರಲ್ಲಾ, ಇವ್ರಿಗೇನ್ ತಲೆ ಕೆಟ್ಟೈತಾ? ಕಟ್ಟಿದ್ದನ್ನ ತಿನ್ನಕ್ಕಾಗ್ಬೇಕು. ಇಲ್ಲಾಂದ್ರೆ ಅದ್ಯಾವ ಸೀಮೆ ಹಬ್ಬ!" ಎನ್ನುತ್ತಿದ್ದರು. ಹಾಗಂತ ಜಿಪುಣಿ ಎಂದು ತೀರ್ಮಾನಿಸಬೇಡಿ. ಮಾವ ಗುಮಾಸ್ತರು, ಸಂಬಳ ಅಷ್ಟಕ್ಕಷ್ಟೇ, ಅದು ನಿಜ. ಆದರೆ ಹಬ್ಬದ ಮಾರನೇ ದಿನ ಆ ಮನೆಯ ಅಲಂಕಾರದ ಮುಕ್ಕಾಲು ಪಾಲು ಬೀದಿಯ ಮಕ್ಕಳ ಜೇಬಿನಲ್ಲಿರುತ್ತಿತ್ತು. ಜಿಪುಣರು ಹಾಗೆ ಮಾಡುತ್ತಾರೆಯೇ?

ಗಣೇಶನ ಹಬ್ಬಕ್ಕೆ ಬಾಗಿಲಿಗೆ ಕೋಡುಬಳೆ ತೋರಣ. ಒಂದು ಮಾವಿನೆಲೆ, ಒಂದು ಕೋಡುಬಳೆ, ಮತ್ತೆ ಒಂದು ಮಾವಿನೆಲೆ. ಅತ್ತೆಯ ಒಬ್ಬಳೇ ಮಗಳು ವಸಂತಿ ಆಗ ಕಾಲೇಜಿನಲ್ಲಿದ್ದಳು. "ಬೇಡಮ್ಮಾ, ನನ್ ಫ್ರೆಂಡ್ಸ್ ಎಲ್ಲಾ ಬರ್ತಾರೆ, ಮಾನ ಓಗ್ತದೆ" ಎಂದು ಗೋಗರೆದಳು. ಅತ್ತೆ, "ನಿನ್ ಮಾತ್ ಕೇಳ್ಕಂಡ್ ಕೂತ್ರೆ ಹಬ್ಬ ಆದಂಗೇ! ಬಾಯ್ ಮುಚ್ಕಂಡು ದಾರ ಹಿಡ್ಕೋ" ಎಂದು ದಾರದ ಉಂಡೆಯನ್ನು ಅವಳ ಕೈಗೇ ಕೊಟ್ಟರು. ಪ್ರತಿ ಹಬ್ಬದಲ್ಲೂ ಇದೇ ಕಥೆ. ಮಗಳು ಬೇಡ ಅನ್ನುವುದು, ತಾಯಿ ಬೈಯುವುದು, ಕೊನೆಗೆ ಇಬ್ಬರೂ ಸೇರಿ ಕಟ್ಟುವುದು. ಇದೂ ಪೂಜೆಯ ಒಂದು ಭಾಗವೇನೋ ಎಂದು ನನಗೆ ಅನ್ನಿಸಿಬಿಟ್ಟಿತ್ತು.

ಆ ವರ್ಷ ಕಾಗದ ಕೊಡಲು ಬಂದ ಅಂಚೆಯವರು ಬಾಗಿಲಲ್ಲಿ ನಿಂತು ಮೂಗಿನ ಮುಂದೆ ತೂಗಾಡುತ್ತಿದ್ದ ಕೋಡುಬಳೆಯನ್ನು ನೋಡಿದರು. ಅತ್ತೆ "ಎಡುತ್ತುಕ್ಕೋಂಗ", ತಗೊಳ್ಳಿ, ಎಂದರು. ಪಾಪ, ಅವರು ಸಂಕೋಚದಿಂದ ಒಂದನ್ನು ಕಿತ್ತು ಬಾಯಿಗೆ ಹಾಕಿಕೊಂಡು, "ಉಪ್ಪು ಕೊಂಜಂ ಕಮ್ಮಿಮ್ಮಾ" ಎಂದು ಹೇಳಿ ಸೈಕಲ್ ಹತ್ತಿ ಹೋದರು. ಅಷ್ಟೇ! ಅತ್ತೆ ತೋರಣವನ್ನು ಇಳಿಸಿ, ಉಪ್ಪು ಸರಿಮಾಡಿ ಹೊಸ ಕೋಡುಬಳೆ ಕರಿದು ಕಟ್ಟಿ, ಮಾರನೇ ದಿನ ನಮಗೆ ಯಾವ ಕಾಗದವೂ ಇಲ್ಲದಿದ್ದರೂ ಬೀದಿಯ ತುದಿಯಿಂದ ಅವರನ್ನು ಕರೆಸಿಕೊಂಡರು. ಅವರು ತಿಂದು ತಲೆದೂಗುವವರೆಗೂ ಬಾಗಿಲು ಬಿಟ್ಟು ಅಲುಗಲಿಲ್ಲ.

ಇನ್ನು ದಸರೆಯ ಗೊಂಬೆಗಳು. ಎದುರುಮನೆಯ ತಮಿಳಜ್ಜಿ, ಬೀದಿಗೆಲ್ಲ ಪಾಟಿ, ಮೆಟ್ಟಿಲು ಮೆಟ್ಟಿಲಾಗಿ ಮಣ್ಣಿನ ಗೊಂಬೆ ಕೂರಿಸುತ್ತಿದ್ದರು. ಅತ್ತೆಯ ಮೆಟ್ಟಿಲುಗಳ ಮೇಲೆ ಪಟ್ಟದ ಗೊಂಬೆಗಳನ್ನು ಬಿಟ್ಟರೆ ಉಳಿದ ಪ್ರಾಣಿಗಳೆಲ್ಲ ಮರಗೆಣಸಿನವು. ಸೇಲಂ ಕಡೆ ಮರಗೆಣಸಿಗೇನು ಬರ? ದಪ್ಪನೆಯ ಗೆಡ್ಡೆಗೆ ತೆಂಗಿನಗರಿಯ ಕಡ್ಡಿ ಚುಚ್ಚಿ ಕೂರಿಸಿದ ಗೆಣಸಿನ ತುಂಡುಗಳೇ ನಾಲ್ಕು ಕಾಲು, ಒಂದು ಸೊಂಡಿಲು, ಕಣ್ಣಿಗೆ ಲವಂಗ. ಆಯಿತು ಆನೆ! ಕೆತ್ತಿದ ಗೆಣಸು ಹೆಚ್ಚು ದಿನ ನಿಲ್ಲುವುದಿಲ್ಲವಲ್ಲ, ಆದ್ದರಿಂದ ಹಳೆಯ ಪ್ರಾಣಿಗಳು ಬಾಣಲೆಗೆ, ಹೊಸವು ಮೆಟ್ಟಿಲಿಗೆ. ನಾನು ಆಫೀಸಿಗೆ ಒಯ್ದ ಡಬ್ಬಿ ತೆರೆದಾಗ ಗೆಳತಿಯರು "ಇವತ್ತೇನು ಪಲ್ಯ?" ಎಂದು ಕೇಳಿದರೆ "ಒಂಟೆ" ಎನ್ನುತ್ತಿದ್ದೆ. ಒಂದು ಸಂಜೆ ಮಾವ ಹಸಿವು ತಡೆಯಲಾರದೆ ಆನೆಯ ಮುಂದಿನ ಎರಡು ಕಾಲುಗಳನ್ನು ಕಿತ್ತು ಬೇಯಿಸಿಕೊಂಡು ತಿಂದುಬಿಟ್ಟರು. ಅರಿಶಿನ ಕುಂಕುಮಕ್ಕೆ ಹೆಂಗಸರು ಬರುವ ಹೊತ್ತು. ಅತ್ತೆ ಒಂದು ಕ್ಷಣವೂ ಗಾಬರಿಯಾಗಲಿಲ್ಲ. ಬಂದವರಿಗೆಲ್ಲ, "ನೋಡಿ, ನಮ್ಮಾನೆ ದೇವಿಗೆ ಮಂಡಿಯೂರಿ ನಮಸ್ಕಾರ ಮಾಡ್ತೈತೆ" ಎಂದು ತೋರಿಸಿದರು. ಪಾಟಿಯಂತೂ ಆ ಆನೆಗೆ ಕೈಮುಗಿದರು!

ಇದೆಲ್ಲ ಪೀಠಿಕೆ. ಅತ್ತೆಯ ನಿಜವಾದ ಕೀರ್ತಿ ಇದ್ದದ್ದು ದೀಪಾವಳಿಯ ಆಕಾಶಬುಟ್ಟಿಯಲ್ಲಿ. ನಮ್ಮ ಬೀದಿಯಲ್ಲಿ ಅದನ್ನು ಕಟ್ಟುವವರು ಯಾರೂ ಇರಲಿಲ್ಲ. ಅತ್ತೆ ಯಾವಾಗಲೋ ಮೈಸೂರು ಕಡೆಯ ನೆಂಟರ ಮನೆಯಲ್ಲಿ ನೋಡಿ ಬಂದಿದ್ದರು. ಬಿದಿರುಕಡ್ಡಿಯ ಚೌಕಟ್ಟು, ಸುತ್ತ ಬಣ್ಣದ ಕಾಗದ, ಒಳಗೆ ದೀಪ. ಚೆಂದವೇನೋ ಚೆಂದ, ಆದರೆ ಕಾಗದ! ತಿನ್ನುವ ಹಾಗಿಲ್ಲ! ಎಷ್ಟೋ ದಿನ ಯೋಚಿಸಿ ಅತ್ತೆ ಕಂಡುಕೊಂಡ ಉಪಾಯ ಸಬ್ಬಕ್ಕಿ. ಸೇಲಂನಲ್ಲಿ ಎತ್ತ ಹೋದರೂ ಕಾರ್ಖಾನೆಗಳ ಅಂಗಳದಲ್ಲಿ ಬೆಳ್ಳಗೆ ಹರವಿಕೊಂಡು ಒಣಗುವ ಅದೇ ಸಬ್ಬಕ್ಕಿ.

ದೀಪಾವಳಿಯ ಹೊತ್ತಿಗೆ ನಮ್ಮಲ್ಲಿ ಮಳೆ. ಆದ್ದರಿಂದ ಅತ್ತೆಯ ದೀಪಾವಳಿ ಉರಿಬೇಸಿಗೆಯಲ್ಲೇ ಶುರುವಾಗುತ್ತಿತ್ತು. ಸಬ್ಬಕ್ಕಿಯನ್ನು ಗಂಜಿ ಕಾಯಿಸಿ, ಉಪ್ಪು, ಹಸಿಮೆಣಸಿನಕಾಯಿ, ಜೀರಿಗೆ ಅರೆದು ಹಾಕಿ, ಪಾಲು ಮಾಡಿ, ಒಂದಕ್ಕೆ ಅರಿಶಿನ, ಒಂದಕ್ಕೆ ಬೀಟ್‌ರೂಟಿನ ರಸ, ಇನ್ನೊಂದಕ್ಕೆ ಸೊಪ್ಪಿನ ರಸ ಬೆರೆಸುವರು. ಎಣ್ಣೆ ಸವರಿದ ಅಗಲವಾದ ತಟ್ಟೆಗಳಿಗೆ ತೆಳ್ಳಗೆ ಹುಯ್ದು, ಹಳದಿಯ ಮೇಲೆ ಚಮಚದ ತುದಿಯಲ್ಲಿ ಹಸಿರು ಗಿಳಿ ಬರೆದು, ತಾರಸಿಯ ಬಿಸಿಲಿಗೆ ಇಡುವರು. ಕಾಗೆ ಕಾಯುವ ಕೆಲಸ ಮಾವನದು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಪೇಪರು. ಅವರ ಆಫೀಸಿನಲ್ಲಿ ಯಾರಾದರೂ "ಸಂಡೇ ಎನ್ನ ಸಾರ್ ಪ್ರೋಗ್ರಾಂ?" ಎಂದರೆ ಮಾವ "ಕಾಕ್ಕಾ", ಕಾಗೆ, ಎಂದಷ್ಟೇ ಹೇಳುತ್ತಿದ್ದರಂತೆ.

ನಗಬೇಡಿ. ಒಣಗಿದ ಆ ಹಾಳೆಯನ್ನು ತಟ್ಟೆಯಿಂದ ಬಿಡಿಸಿ ಬೆಳಕಿಗೆ ಹಿಡಿದರೆ ಥೇಟ್ ಬಣ್ಣದ ಗಾಜು! ಗಿಳಿಯ ಹಸಿರು ಅತ್ತೆಯ ಕೆನ್ನೆಯ ಮೇಲೆ ಬೀಳುತ್ತಿತ್ತು. ಇಷ್ಟು ಚೆಂದದ ವಸ್ತುವನ್ನು ನಾನು ಯಾವ ಅಂಗಡಿಯಲ್ಲೂ ಕಂಡಿಲ್ಲ, ಈಗಲೂ ಕಂಡಿಲ್ಲ.

ಈ ಹಾಳೆಗಳನ್ನು ಬಿದಿರಿನ ಚೌಕಟ್ಟಿಗೆ ಕಟ್ಟಿದ ಬುಟ್ಟಿ ಮೊದಲ ಸಲ ಮೇಲೇರಿದ ಸಂಜೆ ಒಳಗಿನ ಬಲ್ಬು ಕಾದು, ಬೀದಿಗೆಲ್ಲ ಜೀರಿಗೆ ಮೆಣಸಿನಕಾಯಿಯ ಘಮ ಹಬ್ಬಿತು. ಪಾಟಿ ಮೂಗರಳಿಸಿಕೊಂಡು ಹೊರಗೆ ಬಂದು, "ಯಾರ್ ವೀಟ್ಲ ವಡಾಂ ಪೊರಿಕ್ಕರಾಂಗ?" ಎಂದರು. ಯಾರ ಮನೆಯಲ್ಲಿ ಸಂಡಿಗೆ ಕರಿಯುತ್ತಿದ್ದಾರೆ ಎಂದು. ಅತ್ತೆ ಮೇಲೆ ಬೆರಳು ತೋರಿಸಿ, "ಕರೀತಿಲ್ಲ ಪಾಟಿ, ಉರಿಸ್ತಿದೀವಿ" ಎಂದು ಹೆಮ್ಮೆಯಿಂದ ಕನ್ನಡದಲ್ಲೇ ಹೇಳಿದರು. ಒಂದು ವರ್ಷ ಹಬ್ಬದ ದಿನವೇ ಜೋರು ಮಳೆ ಬಂದು ಬುಟ್ಟಿ ಕರಗಿ, ಕೆಳಗೆ ನಿಂತಿದ್ದ ಮಾವನ ಹೊಸ ಪಂಚೆಯ ಮೇಲೆ ಬಣ್ಣಬಣ್ಣದ ಗಂಜಿಯಾಗಿ ಇಳಿಯಿತು. ವಸಂತಿ ತಲೆ ಚಚ್ಚಿಕೊಂಡು, "ಅದಕ್ಕೇ ಅಂಗಡೀದು ತರಾನ ಅಂದಿದ್ದು!" ಎಂದಳು. ಅತ್ತೆ ಬಿಟ್ಟಾರೆಯೇ? "ಮಳೆ ಬಂದ್ರೆ ಅಂಗಡೀದೂ ನೆನೀತದೆ ಕಣಮ್ಮೀ. ಅದನ್ನ ನೆಕ್ಕಕ್ಕಾಯ್ತದಾ?" ಎಂದು ಕೇಳಿದರು.

ವಸಂತಿಗೆ ಮದುವೆಯಾಯಿತು. ಧರ್ಮಪುರಿಯ ಕನ್ನಡದವರೇ, ಜವಳಿ ಅಂಗಡಿಯವರು, ನಮಗಿಂತ ಅನುಕೂಲಸ್ಥರು. ಮದುವೆಯ ಓಡಾಟದ ನಡುವೆಯೂ ಅತ್ತೆ ಆ ಬೇಸಿಗೆಯಲ್ಲಿ ಎಂದಿಗಿಂತ ದೊಡ್ಡ ಹಾಳೆಗಳನ್ನು ಹುಯ್ದು, ಒಂದೊಂದರ ಮೇಲೂ ಜೋಡಿ ಗಿಳಿ ಬರೆದರು. ಯಾಕೆಂದರೆ ಬರುವುದು ತಲೆದೀಪಾವಳಿ, ಮದುವೆಯ ನಂತರದ ಮೊದಲ ದೀಪಾವಳಿ. ಮಗಳು ಅಳಿಯ ಹೆಣ್ಣಿನ ಮನೆಗೆ ಬರಬೇಕು. ಆ ಮನೆಯ ಮಾನ ಮರ್ಯಾದೆಯೆಲ್ಲ ಅಂದು ಅಳಿಯನ ಕಣ್ಣ ಮುಂದೆ.

ಹಬ್ಬಕ್ಕೆ ಸ್ವಲ್ಪ ಮೊದಲು ವಸಂತಿ ಒಬ್ಬಳೇ ತೊಪ್ಪೂರು ಘಾಟಿ ದಾಟಿಕೊಂಡು ಬಸ್ಸಿನಲ್ಲಿ ಬಂದಳು. ಕಾಫಿ ಕುಡಿದು, ಲೋಟ ಕೆಳಗಿಟ್ಟು, ತಾಯಿಯ ಕೈ ಹಿಡಿದುಕೊಂಡಳು. "ಅಮ್ಮಾ, ಈ ಸಲ ಒಂದ್ಸಲ ನಿನ್ ಬುಟ್ಟಿ ಗಿಟ್ಟಿ ಬೇಡಮ್ಮಾ. ಅವ್ರ ಮನೇಲಿ ಎಲ್ಲಾ ಸೀರಿಯಲ್ ಸೆಟ್, ಸ್ವೀಟ್ ಬಾಕ್ಸು. ಇವ್ರು ಓಗಿ ಅಲ್ಲಿ ಏಳಿದ್ರೆ ನಗ್ತಾರೆ."

ಬೈಗುಳಕ್ಕಾಗಿ ನಾನು ಕಾದೆ. ಅತ್ತೆ ಮಗಳ ಮುಖ ನೋಡಿ, "ಆಯ್ತಮ್ಮಾ" ಎಂದರು.

ನನಗೆ ಭಯವೇ ಆಯಿತು. ಅತ್ತೆ ತಮ್ಮ ಜೀವಮಾನದಲ್ಲಿ ಯಾರಿಗೂ ಹಾಗೆ "ಆಯ್ತು" ಅಂದದ್ದನ್ನು ನಾನು ಕೇಳಿರಲಿಲ್ಲ.

ಮರುವಾರ ಅತ್ತೆಯೂ ನಾನೂ ಪೇಟೆಗೆ ಹೋದೆವು. ಅತ್ತೆ ಗೋಡೆಗೆ ಅಂಟಿಸುವ 'ಹ್ಯಾಪಿ ದೀಪಾವಳಿ'ಯ ಥರ್ಮಾಕೋಲ್ ಅಕ್ಷರಗಳನ್ನು ಕೈಗೆತ್ತಿಕೊಂಡು ಅಭ್ಯಾಸಬಲದಿಂದ ಮೂಸಿ ನೋಡಿದರು. "ಹಬ್ಬ ಆದ್ಮೇಲೆ ಇದನ್ನ ಏನ್ ಮಾಡದು?" ಎಂದು ಕೇಳಿದರು. ಅಂಗಡಿಯವನು "ಕುಪ್ಪೈಲ ಪೋಡ ವೇಂಡಿಯದುದಾಮ್ಮಾ" ಎಂದ. ಕಸಕ್ಕೆ ಹಾಕುವುದು, ಅಷ್ಟೇ. ಅತ್ತೆ ತುಟಿ ಕಚ್ಚಿಕೊಂಡು ಅದನ್ನೂ, ಒಂದು ಸೀರಿಯಲ್ ಸೆಟ್ಟನ್ನೂ, ಸ್ವೀಟ್ ಬಾಕ್ಸನ್ನೂ ಕೊಂಡರು. ಬಸ್ಸಿನಲ್ಲಿ ಆ ಚೀಲವನ್ನು ಯಾರದೋ ಮನೆಯ ಕೂಸನ್ನು ಎತ್ತಿಕೊಂಡಂತೆ ದೂರವಾಗಿಯೇ ಹಿಡಿದಿದ್ದರು.

ಹಬ್ಬದ ಹಿಂದಿನ ದಿನ ಅತ್ತೆ ಅಟ್ಟದಿಂದ ಡಬ್ಬ ಇಳಿಸಿ, ಜೋಡಿ ಗಿಳಿಯ ಹಾಳೆಗಳನ್ನು ಕತ್ತರಿಯಲ್ಲಿ ತುಂಡು ಮಾಡಿ ಎಣ್ಣೆಗೆ ಬಿಟ್ಟರು. ಗಿಳಿಗಳು ಉಬ್ಬಿ ಕೋಳಿಗಳಾದವು. ಬೇರೆ ದಿನವಾಗಿದ್ದರೆ ನಾವಿಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು. "ಅತ್ತೆ, ಮುಂದಿನ ವರ್ಷಕ್ಕೆ ಇಟ್ಕೋಬಹುದಿತ್ತಲ್ಲಾ" ಎಂದೆ. "ಇನ್ಯಾರಿಗೆ ಕಟ್ಟದು ಬುಡಮ್ಮೀ" ಎಂದರು.

ಹಬ್ಬದ ಬೆಳಿಗ್ಗೆ ಮಗಳು ಅಳಿಯ ಬಂದರು. ಬಾಗಿಲಲ್ಲಿ ಸೀರಿಯಲ್ ಸೆಟ್ಟು ಕಣ್ಣು ಮಿಟುಕಿಸುತ್ತಿತ್ತು, ಗೋಡೆಯಲ್ಲಿ ಥರ್ಮಾಕೋಲ್ ಮಿನುಗುತ್ತಿತ್ತು. ಅಂಗಡಿ ಸಿಹಿ ತಟ್ಟೆಯಲ್ಲಿ ಬಂತು. ಅತ್ತೆ ಮಗಳಿಗೆ, "ಕೂತ್ಕೋಮ್ಮಾ, ನೀನ್ಯಾಕೆ ಏಳ್ತೀಯ, ನಾನ್ ತರ್ತೀನಿ" ಎಂದು ಉಪಚಾರ ಮಾಡಿದರು. ವಸಂತಿ ಎಲ್ಲವನ್ನೂ ನೋಡಿ "ಚೆನ್ನಾಗೈತಮ್ಮಾ" ಎಂದಳು.

ಊಟಕ್ಕೆ ಎಲೆ ಹಾಕಿದರು. ಅಳಿಯ ಸಂಡಿಗೆ ಮುರಿದು, "ವಡಾಂ ಸೂಪರಾಗೈತತ್ತೆ, ಕಲರ್ ಕಲರಾಗಿ" ಎಂದರು. ವಸಂತಿ ತನ್ನ ಎಲೆಯ ತುಂಡನ್ನು ಎತ್ತಿಕೊಂಡಳು. ಹಳದಿಯ ಮೇಲೆ ಒಂದು ಹಸಿರು ರೆಕ್ಕೆ. ಅದನ್ನು ನೋಡಿದಳು, ಬಾಗಿಲ ಕಡೆ ನೋಡಿದಳು.

"ಅಮ್ಮಾ, ಇದು ಬುಟ್ಟೀದಲ್ವಾ?"

"ಊಂ. ತಿನ್ನು."

"ಕಟ್ಟದೇನೇ ಕರ್ದುಬುಟ್ಯಾ?"

"ನೀನೇ ಬೇಡಾಂದ್ಯಲ್ಲಮ್ಮಾ."

"ನಾನ್ ಬೇಡಾಂದ್ರೆ ನೀನ್ ಕೇಳ್ಬುಡದಾ?" ವಸಂತಿಯ ದನಿ ಒಡೆಯಿತು. "ಹುಟ್ಟಿದಾಗಿಂದ ಒಂದ್ ದಿನ ಕೇಳಿದ್ಯಾ ನನ್ ಮಾತ? ಈಗ್ ಮಾತ್ರ ಯಾಕ್ ಕೇಳ್ದೆ? ನಾನೇನ್ ಈ ಮನೆಗೆ ನೆಂಟಳಾ?" ಎಂದು ಎಂಜಲುಗೈಯಲ್ಲೇ ಬಿಕ್ಕಿ ಬಿಕ್ಕಿ ಅತ್ತಳು.

ಮಾವನ ಕೈ ಸಾರಿನಲ್ಲೇ ನಿಂತಿತು. ಪಾಪದ ಅಳಿಯನ ಬಾಯಲ್ಲಿ ಒಂದು ಸಂಡಿಗೆಯಿತ್ತು, ಅಂಥ ಹೊತ್ತಿನಲ್ಲಿ ಅದನ್ನು ಕರುಮ್ ಅನ್ನಿಸುವುದು ಹೇಗೆ? ಬಾಯಲ್ಲೇ ನೆನೆಸಿಕೊಂಡು ನುಂಗಿದರು. ಆಮೇಲೆ ಹೆಂಡತಿಯಿಂದ ಅಳುವಿನ ನಡುನಡುವೆ ವಿಷಯ ತಿಳಿದುಕೊಂಡು, ಎದ್ದು ಕೈ ತೊಳೆದು, ಅಡುಗೆಮನೆಯಿಂದ ಸಂಡಿಗೆಯ ಡಬ್ಬವನ್ನೇ ಎತ್ತಿಕೊಂಡು ಬಂದರು. "ದಾರ ಎಲ್ಲೈತತ್ತೆ?" ಎಂದರು.

ಕರಿದ ಸಂಡಿಗೆಯನ್ನು ಪೋಣಿಸಿದವರು ಯಾರಾದರೂ ಇದ್ದಾರೆಯೇ? ಸೂಜಿ ತಾಗಿದರೆ ಸಾಕು, ಪುಡಿ! ಅಳಿಯ ಸ್ಟೂಲಿನ ಮೇಲೆ ನಿಂತು ಮುರಿದದ್ದನ್ನೆಲ್ಲ ತಿಂದರು. ವಸಂತಿ ಮೂಗೊರೆಸಿಕೊಳ್ಳುತ್ತಾ ಪೋಣಿಸಿದಳು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಗೊರಗಿ ನಿಂತಿದ್ದರು. ಮೂರೋ ನಾಲ್ಕೋ ಗಿಳಿ ಪುಡಿಯಾಗುವವರೆಗೂ ಹೇಗೋ ತಡೆದುಕೊಂಡರು. ಆಮೇಲೆ ತಡೆಯಲಾಗಲಿಲ್ಲ.

"ಲೇ, ಕತ್ತೆ! ಹಂಗಾ ಸೂಜಿ ಚುಚ್ಚದು? ಮದ್ವೆ ಆದ್ರೂ ಕೈಗೆ ಬುದ್ಧಿ ಬರ್ಲಿಲ್ಲವಲ್ಲೇ ನಿಂಗೆ! ತೂತಿರೋ ಕಡೆ ನೋಡ್ಕಂಡ್ ದಾರ ಬುಡೇ!"

ತಲೆದೀಪಾವಳಿಗೆ ಬಂದ ಮಗಳನ್ನು, ಅದೂ ಹೊಸ ಅಳಿಯನ ಎದುರಿಗೆ, ಯಾರಾದರೂ ಹೀಗೆ ಬೈಯುತ್ತಾರೆಯೇ! ಮಾವ ಕಣ್ಣು ಮುಚ್ಚಿಕೊಂಡರು. ವಸಂತಿ ಮಾತ್ರ ಒದ್ದೆ ಕೆನ್ನೆಯಲ್ಲೇ ನಕ್ಕುಬಿಟ್ಟಳು. ಸೂಜಿಯನ್ನು ತಾಯಿಯ ಕೈಗೆ ಕೊಟ್ಟು, ಅವರ ಹೆಗಲಿಗೆ ತಲೆಯಿಟ್ಟು, "ಇನ್ನೊಂದ್ಸಲ ಬಯ್ಯಮ್ಮಾ" ಎಂದಳು.

ಅತ್ತೆ ಬೈದರು. ಬೈಯುತ್ತ ಬೈಯುತ್ತಲೇ ಅತ್ತರು.