ಪಡದೆ ಮ್ಯಾಲಿನ ಸರ್‌ಗೆ ಒಂದು ಕುರ್ಚಿ

ವಿಡಿಯೋದಾಗಿನ ಮನಷ್ಯಾಗ "ಚಹಾ ತಗೋತೀರೇನ್ರಿ" ಅಂತ ಕೇಳಿದವರು ಈ ಭೂಮಿ ಮ್ಯಾಲ ಒಬ್ಬರ ಇರಬೇಕು. ಅವರು ನಮ್ಮ ಮಾಮಾ. ನಗಬ್ಯಾಡ್ರಿ. ಬರೇ ಕೇಳಿದ್ದಲ್ಲ, ಉತ್ತರ ಬರಲಿಲ್ಲಂತ ಸಿಟ್ಟೂ ಆದರು!

ಮಾಮಾ ಅಂದ್ರ ನಮ್ಮ ಅಕ್ಕನ ಗಂಡ. ಬನಹಟ್ಟಿ ಹೈಸ್ಕೂಲಿನ್ಯಾಗ ವಿಜ್ಞಾನದ ಮಾಸ್ತರು. ಅದ ಸಾಲ್ಯಾಗ ನಾ ಕನ್ನಡ ಕಲಸ್ತೀನಿ, ಹುಡುಗರಿಗೆ ನಾ ಕನ್ನಡ ಅಕ್ಕೋರು. ಸಾಲಿ ಗ್ವಾಡಿಗೆ ಹತ್ತಿ ಪಾವರ್‌ಲೂಮ್ ಶೆಡ್ಡು ಅದಾವ. ಮುಂಜಾನಿಂದ ಸಂಜಿತನಕ ಮಗ್ಗ ಖಟಖಟ ಅಂತಿರತಾವ. ಆ ಸಪ್ಪಳ ದಾಟಿ ತಮ್ಮ ಪಾಠ ಕಡೀ ಬೆಂಚಿಗೆ ಮುಟ್ಟಬೇಕಂತ ಮಾಮಾ ನೌಕರಿಗೆ ಸೇರಿದ ದಿನದಿಂದ ಒದರಿಕೋತ ಬಂದಾರ. ಒದರಿ ಒದರಿ ಅದ ರೂಢಿ ಆತು. ಮನ್ಯಾಗ ಊಟಕ್ಕ ಕುಂತು ಉಪ್ಪು ಕೇಳಿದ್ರ ಬಾಜೂ ಮನಿಯವರು ಉಪ್ಪಿನ ಡಬ್ಬಿ ಹಿಡಕೊಂಡು ಬರ್ತಿದ್ರು.

ಅಂಥಾ ದನಿ ಹೋದ ವರ್ಷ ಒಡೀತು. ಜಮಖಂಡಿ ಡಾಕ್ಟರು ಗಂಟಲದಾಗ ಬ್ಯಾಟರಿ ಬೆಳಕು ಬಿಟ್ಟು ನೋಡಿ, "ಮಾಸ್ತರ, ಒದರೂದು ಬಿಡ್ರಿ. ಇಲ್ಲಾಂದ್ರ ಈ ದನಿ ಪೂರಾ ಹೋಗ್ತೈತಿ" ಅಂದರು.

"ಒದರಲಿಲ್ಲಾಂದ್ರ ಪಾಠ ಹೆಂಗ ಮಾಡ್ಲಿ ಸಾಹೇಬ್ರ?"

"ವಿಡಿಯೋ ತೋರಸ್ರಿ. ಈಗ ಎಲ್ಲಾ ಪಾಠ ಆನ್‌ಲೈನಿನ್ಯಾಗ ಸಿಗತಾವಲ್ಲ."

ಅಕ್ಕ ಅವತ್ತ ನನಗೊಂದು ಕೆಲಸ ಹಚ್ಚಿದಳು. "ನೀ ಬಾಜೂ ಖೋಲ್ಯಾಗ ಇರತೀ. ಅವರ ದನಿ ನಿನಗ ಕೇಳಿಸ್ತು ಅಂದ್ರ ಹೋಗಿ ಬಾಯಿ ಮುಚ್ಚಸು." ಸಾಲ್ಯಾಗ ಎಲ್ಲಾರಕಿಂತ ಹಿರ್‍ಯಾ ಮಾಸ್ತರಿಗೆ ಬಾಯಿ ಮುಚ್ರಿ ಅನ್ನೂ ಕೆಲಸ ಯಾರಿಗೆ ಬೇಕಾಗಿತ್ತು, ನೀವ ಹೇಳ್ರಿ?

ಮೊದಲನೇ ವಿಡಿಯೋದ ದಿನ ನೀವು ಇರಬೇಕಿತ್ತು. ಹೊರಗಿನವರು ಸಾಲಿಗೆ ಉಪನ್ಯಾಸಕ್ಕ ಬಂದ್ರ ಸ್ವಾಗತ, ಸತ್ಕಾರ, ವಂದನಾರ್ಪಣೆ ಆಗಲೇಬೇಕು, ಇದು ನಮ್ಮ ಕಡೆ ಪದ್ಧತಿ. ವಿಡಿಯೋದಾಗ ಬಂದ್ರೂ ಬಂದವರು ಹೊರಗಿನವರ ಅಲ್ಲೇನು ಅನ್ನೂದು ಮಾಮಾನ ವಾದ. ಪಡದೆ ಬಾಜೂಕ ಒಂದು ಕುರ್ಚಿ ಹಾಕಿಸಿದರು. ಕುರ್ಚಿ ಮ್ಯಾಲ ಶಾಲು, ಸ್ಟೂಲಿನ ಮ್ಯಾಲ ನೀರಿನ ಗ್ಲಾಸು. ಹುಡುಗ್ಯಾರು ಪ್ರಾರ್ಥನೆ ಹಾಡಿದರು. ಮಾಮಾ ಲ್ಯಾಪ್‌ಟಾಪಿನ ಗುಂಡಿ ಒತ್ತಿ, "ದೂರದಿಂದ ಬಂದೀರಿ, ಚಹಾ ತಗೋತೀರೇನ್ರಿ ಸರ?" ಅಂದರು. ಪಡದೆ ಮ್ಯಾಲಿನ ಸರ್ ಯಾವುದನ್ನೂ ಲೆಕ್ಕಕ್ಕ ಹಿಡೀಲಿಲ್ಲ. "ಘರ್ಷಣೆ ಎಂದರೇನು" ಅಂತ ಚಾಲೂ ಮಾಡೇ ಬಿಟ್ಟರು.

"ಎಂಥಾ ಮನಷ್ಯಾರ್ರಿ ಇವರು, ಸ್ವಾಗತ ಮುಗಿಯೂತನಕಾರ ತಾಳಬಾರದ?" ಅಂತ ಮಾಮಾ ವಿಡಿಯೋ ನಿಂದರಿಸಿ, ಸಿಟ್ಟಿಲೆ ವಂದನಾರ್ಪಣೆ ಮೊದಲ ಮುಗಿಸಿದರು.

ಅಲ್ಲಿಂದ ಜಗಳ ಶುರು ಆತು. ಪಡದೆ ಮ್ಯಾಲಿನ ಸರ್ ಮಂಜಿನ ಮ್ಯಾಲ ಜಾರೂ ಉದಾಹರಣಿ ಕೊಟ್ಟರು. ಮಾಮಾ ಟಕ್ ಅಂತ ಗುಂಡಿ ಒತ್ತಿದರು. "ತಡೀರಿ ಸರ. ನಮ್ಮ ಹುಡುಗರು ಮಂಜು ಎಲ್ಲಿ ನೋಡ್ಯಾರು? ಗಲಗಲಿ ಹೊಳಿ ದಂಡ್ಯಾಗಿನ ರಾಡಿ ಹೇಳ್ರಿ, ರಾಡಿ." ಸರ್ ರಾಡಿ ಹೇಳಲಿಲ್ಲ. ಮಾಮಾನ ಹೇಳಿದರು, ರಾಡ್ಯಾಗ ಜಾರಿ ಬೀಳೂದನ್ನೂ ಮಾಡಿ ತೋರಿಸಿದರು. ದನಿ ಪಿಸುಮಾತಿನಿಂದ ಏರಿಕೋತ ಹೋಗಿ ಮಗ್ಗದ ಸಪ್ಪಳಾನೂ ದಾಟ್ತು. ನಾ ನನ್ನ ವಚನದ ಪಾಠ ಅಲ್ಲೇ ಬಿಟ್ಟು ಓಡಿದೆ. ಬಾಗಲದಾಗ ನಿಂತು ತುಟಿ ಮ್ಯಾಲ ಬೆರಳು ಇಟ್ಟೆ.

"ಕನ್ನಡ ಅಕ್ಕೋರ, ನಾ ಹುಡುಗರ ಜೋಡಿ ಮಾತಾಡಿಲ್ಲ" ಅಂದರು ಮಾಮಾ. "ಈ ಸರ್ ಜೋಡಿ ಮಾತಾಡಾಕತ್ತೇನಿ. ಡಾಕ್ಟರು ಇದಕ್ಕ ಬ್ಯಾಡ ಅಂದಿಲ್ಲ."

ವಿಡಿಯೋ ನಡುವ ಜಾಹೀರಾತು ಬಂದ್ರ ಬ್ಯಾರೇದವರು ದಾಟಸ್ತಾರ. ಮಾಮಾ ದಾಟಸಲಿಲ್ಲ. ಬೋಳ ತಲಿಮ್ಯಾಲ ಕೂದಲ ಬರಸೂ ಎಣ್ಣಿ ಜಾಹೀರಾತು ಬಂತು ನೋಡ್ರಿ, "ಹೇಳಿದ್ದೆಲ್ಲಾ ನಂಬಬಾರದು, ಪ್ರಯೋಗ ಮಾಡಿ ನೋಡಬೇಕು" ಅಂದವರ ಸಂತ್ಯಾಗ ಆ ಎಣ್ಣಿ ತಂದರು. ಬಲಗಡೆ ಅರ್ಧ ತಲಿಗೆ ಹಚ್ಚಿದರು, ಎಡಗಡೆ ಹೋಲಿಸಿ ನೋಡಾಕ ಬಿಟ್ಟರು. ಪ್ರತೀ ಸೋಮವಾರ ಹುಡುಗರು ಸಾಲು ಹಚ್ಚಿ ಮಾಸ್ತರ ತಲಿ ತಪಾಸ ಮಾಡ್ತಿದ್ರು. ಕಡೀಕ ಎರಡೂ ಕಡೆ ಒಂದ ಸಮ ಬಯಲು. ಬಲಗಡೆ ಸ್ವಲ್ಪ ಹೆಚ್ಚು ಮಿಂಚತಿತ್ತು, ಅಷ್ಟ. ನಮ್ಮ ಅಕ್ಕ ಮಾತ್ರ ಎಣ್ಣಿ ಹತ್ತಿದ ತಲಿದಿಂಬು ತೊಳೆದು ತೊಳೆದು ವಿಜ್ಞಾನಕ್ಕ ಕೈಮುಗದಳು.

ಇಷ್ಟೆಲ್ಲಾ ಮಾಡಿದ ಮ್ಯಾಲ ದನಿ ಉಳದೀತ? ಮಳಿಗಾಲದಾಗ ಒಂದಿನ ಮುಂಜಾನಿ ಎದ್ದು ಅಕ್ಕನ್ನ ಕರದ್ರ ಬರೇ ಗಾಳಿ ಬಂತು. ಡಾಕ್ಟರು ಈ ಸಲ ಬೈದ ಕಳಿಸಿದರು.

ಆಮ್ಯಾಲ ಮಾಮಾ ಖರೇನ ಸುಮ್ಮನಾದರು. ವಿಡಿಯೋ ಹಚ್ಚಿ, ಅತಿಥಿಗೆ ಹಾಕಿದ ಕುರ್ಚಿ ಮ್ಯಾಲ ತಾವ ಕುಂಡ್ರತಿದ್ರು. ಹುಡುಗರು ನನ್ನ ಹಂತೇಕ ಬಂದು "ಅಕ್ಕೋರ, ಸರ್ ಯಾಕ ಜಗಳಾಡವಲ್ರು?" ಅಂತ ಕೇಳಾಕ ಹತ್ತಿದ್ರು. ನನಗ ಬಾಯಿ ಮುಚ್ಚಸೂ ಕೆಲಸ ತಪ್ಪಿತ್ತು, ಖುಷಿ ಆಗಬೇಕಿತ್ತಲ್ಲ? ಆಗಲಿಲ್ಲ. ಬಾಜೂ ಖೋಲಿ ಬಣ ಬಣ ಅನ್ನತಿತ್ತು. ಒಂದಿನ ಸಾಲಿ ಬಿಟ್ಟ ಮ್ಯಾಲ ಮಾಮಾ ಪಿಸುಮಾತಿನ್ಯಾಗ ಅಂದರು, "ಪಡದೆ ಮ್ಯಾಲಿನ ಸರ್ ನನಗಿಂತ ಛಲೋ ಹೇಳ್ತಾರ. ಇನ್ನ ನಾ ಯಾತಕ್ಕ ಬೇಕು? ರಾಜೀನಾಮೆ ಕೊಡಬೇಕಂತ ಮಾಡೇನಿ."

ಮರುವಾರ ಶಬ್ದದ ಪಾಠ ಇತ್ತು. ವಿಡಿಯೋ ಅರ್ಧಕ್ಕ ಬಂದಿತ್ತು, ಕರೆಂಟ್ ಹೋತು. ಪಡದೆ ಕಪ್ಪಾತು, ಸ್ಪೀಕರ್ ಬಂದ್ ಆತು. ಗ್ವಾಡಿ ಆಚೆ ಮಗ್ಗಾನೂ ನಿಂತವು. ಊರಿಗೆ ಊರ ಸುಮ್ಮನಾತು. ಆ ಮೌನದಾಗ ಮಾಮಾನ ಸಣ್ಣ ದನಿ ನನ್ನ ಖೋಲಿಗೆ ಬಂತು. ಓಡಿಹೋಗಿ ಬಾಗಲದಾಗ ನಿಂತೆ.

"ಗಂಟಲ ಮ್ಯಾಲ ಬೆರಳು ಇಡ್ರಿ. ಮ್ ಅನ್ರಿ. ನಡುಗತೈತಲ್ಲ? ಅದ ಶಬ್ದ. ನಂದು ಸ್ವಲ್ಪ ಕಡಿಮಿ ನಡುಗತೈತಿ."

ಎಲ್ಲಾರೂ ಗಂಟಲ ಹಿಡಕೊಂಡು ಮ್ ಅಂದರು. ಅಷ್ಟರಾಗ ಕರೆಂಟ್ ಬಂತು. ಮಗ್ಗ ಮತ್ತ ಖಟಖಟ ಶುರು ಮಾಡಿದವು. ಲ್ಯಾಪ್‌ಟಾಪಿನ ಬ್ಯಾಟರಿ ಮ್ಯಾಲ ಇಷ್ಟೊತ್ತು ಒಬ್ಬರ ಭಾಷಣ ಮಾಡಿಕೋತ ಇದ್ದ ಪಡದೆ ಮ್ಯಾಲಿನ ಸರ್ ಪಾಠದ ಕಡೀಕ ಬಂದು ಮುಟ್ಟಿದ್ದರು. ಮಾಮಾ ಅವರ ಕಡೆ ಕೈ ಮಾಡಿ, ಇನ್ನ ಅವರ್ನ ಕೇಳ್ರಿ ಅನ್ನೂಹಂಗ ಕುರ್ಚಿಗೆ ಹೋದರು.

ನಡುವಿನ ಬೆಂಚಿನಿಂದ ಒಬ್ಬಾಕಿ ಹುಡುಗಿ ಎದ್ದು ಬಂದು ಲ್ಯಾಪ್‌ಟಾಪಿನ ಗುಂಡಿ ಒತ್ತಿದಳು. ಪಡದೆಗೆ ಕೈಮುಗದು, "ತಡೀರಿ ಸರ, ನಮ್ಮ ಸರ್ ಮಾತಾಡಾಕತ್ತಾರ" ಅಂದಳು.

ಮಾಮಾ ಮಗ್ಗದ ಕಡೆ ಬೆರಳು ಮಾಡಿ ತೋರಿಸಿದರು. ಈ ಗದ್ದಲದಾಗ ಹೆಂಗವಾ, ಅಂತ.

"ನಮ್ಮನ್ಯಾಗ ದಿನಾ ಇದ ಗದ್ದಲರಿ ಸರ. ಅವ್ವ ಮಗ್ಗದ ಮುಂದ ನಿಂತು ಬರೇ ತುಟಿ ಅಲ್ಲಾಡಸ್ತಾಳ, ನಮಗ ಎಲ್ಲಾ ತಿಳೀತೈತ್ರಿ. ಇಲ್ಲಿ ಎಲ್ಲಾರೂ ಮಗ್ಗದ ಮನಿಯವರ ಅದೇವಿ. ನೀವು ಇಷ್ಟ ದಿನ ಸುಮ್ಮನ ಒದರಿದ್ರಿ. ಬೆಳಕಿನ್ಯಾಗ ನಿಂದರ್ರಿ, ಸಾಕು."

ಮಾಮಾ ಎದ್ದು ಪ್ರೊಜೆಕ್ಟರಿನ ಬೆಳಕಿನ್ಯಾಗ ನಿಂತರು. ಪಡದೆ ಮ್ಯಾಲಿನ ಸರ್ ಅರ್ಧ ಮಾತಿನ್ಯಾಗ ನಿಂತು ಮಾಮಾನ ಅಂಗಿ ಮ್ಯಾಲ ಮೂಡಿದ್ದರು. ಮಾಮಾನ ತುಟಿ ಅಲ್ಲಾಡಾಕ ಹತ್ತಿದವು. ಒಬ್ಬರೂ ಬ್ಯಾರೇ ಕಡೆ ನೋಡಲಿಲ್ಲ. ನಡುವ ಮಾಮಾ ಏನೋ ಚ್ಯಾಷ್ಟಿ ಮಾಡಿದರು ಅಂತ ಕಾಣಸ್ತೈತಿ, ಖೋಲಿ ತುಂಬ ನಗಿ ಎದ್ದಿತು. ಅವರ ಮಾರಿ ಮ್ಯಾಲ ಹಳೇ ಕಳೆ ಬಂತು.

ನಾ ಹೋಗಿ ಕಡೀ ಬೆಂಚಿನ್ಯಾಗ ಕುಂತೆ. ನಂದೂ ಬನಹಟ್ಟೀನ, ನಮ್ಮಪ್ಪಂದೂ ಮಗ್ಗದ ಮನೀನ. ತುಟಿ ನೋಡಿ ಮಾತು ಹಿಡಿಯೂದು ನನಗೂ ಬರತೈತಿ. ಆದ್ರ ಅವತ್ತಿನ ಪಾಠ ನನಗ ಒಂದೀಟೂ ತಿಳೀಲಿಲ್ಲ. ಕಣ್ಣಾಗ ನೀರು ತುಂಬಿ, ಮಾಮಾನ ತುಟೀನ ಕಾಣಲಿಲ್ಲ.