ಕಾಣದ ಕಣದ ಪಾಲುಪಟ್ಟಿ

ಇಂಗ್ಲಿಷ್ ಅಕ್ಷರಮಾಲೆಯಲ್ಲಿ ‘ವೈ’ ಅಷ್ಟು ಹಿಂದೆ ಕೂತಿರುವುದೇ ತನ್ನ ತಾಪತ್ರಯಗಳಿಗೆಲ್ಲ ಮೂಲ ಅಂತ ಯೋಗರಾಜನಿಗೆ ಗೊತ್ತಾದದ್ದು ನಲವತ್ತೊಂದನೆಯ ವಯಸ್ಸಿನಲ್ಲಿ, ಒಂದು ಸೋಮವಾರ ಬೆಳಿಗ್ಗೆ, ಸಾಗರದ ಕಾಲೇಜಿನ ಆಫೀಸಿನಲ್ಲಿ.

ಯೋಗರಾಜ ಆ ಕಾಲೇಜಿನಲ್ಲಿ ಆರು ವರ್ಷದಿಂದ ಅತಿಥಿ ಉಪನ್ಯಾಸಕ. ಅತಿಥಿ ಅಂದರೆ ಪರೀಕ್ಷೆ ಮುಗಿದ ಕೂಡಲೇ ಮನೆಗೆ ಕಳಿಸಿ, ತರಗತಿ ಶುರುವಾದ ಮೇಲೆ ನೆನಪಾದರೆ ಕರೆಯುವ ಮನುಷ್ಯ. ಅದಕ್ಕೆ ಮೊದಲು ಅವನು ಸೈದ್ಧಾಂತಿಕ ಕಣಭೌತ ವಿಜ್ಞಾನಿ. ಡಾಕ್ಟರೇಟ್ ಮುಗಿಸಿ ಜರ್ಮನಿಯಲ್ಲಿ ಎರಡು ವರ್ಷ, ಜಪಾನಿನಲ್ಲಿ ಎರಡು ವರ್ಷ ಕೂತು ಲೆಕ್ಕ ಹಾಕಿ ಬಂದವನು. ಜಗತ್ತಿನಲ್ಲಿ ಇನ್ನೂ ಒಂದು ಕಣ ಇರಲೇಬೇಕು ಅಂತ ಹನ್ನೊಂದು ಪ್ರಬಂಧಗಳಲ್ಲಿ ಸಾಧಿಸಿದ್ದ. ಅದನ್ನು ಕಾಣಬೇಕಾದರೆ ಸಾಗರದಿಂದ ಚಂದ್ರನವರೆಗೆ ಯಂತ್ರ ಕಟ್ಟಬೇಕು ಅಂತ ಹನ್ನೊಂದನೆಯದರ ಕೊನೆಯ ಪುಟದಲ್ಲಿ ತಾನೇ ಒಪ್ಪಿಕೊಂಡಿದ್ದ. ಹೀಗಾಗಿ ಕಣವೂ ಸಿಗಲಿಲ್ಲ, ಕಾಯಂ ಕೆಲಸವೂ ಸಿಗಲಿಲ್ಲ.

ಅವತ್ತು ಮಧ್ಯಾಹ್ನ ಎರಡೂವರೆಗೆ ತೀರ್ಥಹಳ್ಳಿಯ ಒಂದು ಕಾಲೇಜಿನಲ್ಲಿ ಕಾಯಂ ಹುದ್ದೆಗೆ ಸಂದರ್ಶನವಿತ್ತು. ಮುಂದಿನ ತಿಂಗಳಿಗೆ ವಯಸ್ಸಿನ ಮಿತಿ ದಾಟುತ್ತಿತ್ತು. ಇದೂ ತಪ್ಪಿದರೆ ಹಲ್ಲು ಬೀಳುವವರೆಗೂ ಅತಿಥಿಯೇ. ಅನುಭವ ಪತ್ರಕ್ಕೆ ಸೀಲು ಹಾಕಿಸಲು ಬಂದವನ ಫೈಲನ್ನು ಸೂಪರಿಂಟೆಂಡೆಂಟ್ ಮುಕುಂದಯ್ಯ ಯಾರೂ ಕೇಳದಿದ್ದರೂ ಬಿಚ್ಚಿ ಓದಿದರು.

“ಅಲ್ಲ ಸಾರ್, ಹನ್ನೊಂದು ಪೇಪರಲ್ಲೂ ನಿಮ್ಮ ಹೆಸರು ಕೊನೆಗೇ ಇದೆಯಲ್ಲ?”

“ನಮ್ಮ ವಿಷಯದಲ್ಲಿ ಹಾಗೇ ಮುಕುಂದಯ್ಯನವರೇ. ಹೆಸರು ಅಕ್ಷರಮಾಲೆ ಪ್ರಕಾರ ಹಾಕೋದು. ಕೃಷ್ಣಪ್ರಸಾದ್ ಅಂದ್ರೆ ಕೆ, ನಾನು ವೈ. ಬರೆದೋರು ನಾವಿಬ್ರೇ.”

“ಅದು ನಿಮಗೆ ಗೊತ್ತು. ಸಮಿತಿಯೋರಿಗೆ? ಸಂದರ್ಶನದ ಕಾಗದದಲ್ಲಿ ಇಲ್ಲಿ ನೋಡಿ, ‘ಮುಖ್ಯ ಲೇಖಕರಿಗೆ ಹತ್ತು ಅಂಕ, ಇತರರಿಗೆ ಒಂದು.’ ಮದುವೆ ಕಾಗದದಲ್ಲಿ ಕೊನೆಗೆ ಯಾರ ಹೆಸರಿರುತ್ತೆ? ‘ಬಂಧು ಮಿತ್ರರು.’ ನಿಮ್ಮನ್ನೂ ಹಾಗೇ ಎಣಿಸ್ತಾರೆ.”

ಇಷ್ಟು ವರ್ಷ ಬ್ರಹ್ಮಾಂಡದ ಲೆಕ್ಕ ಮಾಡಿದ ಯೋಗರಾಜನಿಗೆ ಈ ಒಂದು ಕೂಡುವ ಲೆಕ್ಕ ಹೊಳೆದಿರಲಿಲ್ಲ.

“ಒಂದು ಕೆಲ್ಸ ಮಾಡಿ. ಆ ಕೃಷ್ಣಪ್ರಸಾದ್ ಹತ್ರ ನೀವೇ ಮುಖ್ಯ ಅಂತ ಸ್ಟಾಂಪ್ ಪೇಪರಲ್ಲಿ ಬರೆಸ್ಕೊಂಡು ಹೋಗಿ. ಅವರೆಲ್ಲಿ, ಜರ್ಮನಿಲಾ?”

“ರಿಪ್ಪನ್‌ಪೇಟೆಲಿ. ಚಿಪ್ಸ್ ಅಂಗಡಿ.”

ಕೃಷ್ಣಪ್ರಸಾದ್ ಇವನಿಗಿಂತ ಬುದ್ಧಿವಂತ. ಕಣದ ಸಹವಾಸ ಬಿಟ್ಟು ಎಂಟು ವರ್ಷದ ಹಿಂದೆಯೇ ಬಾಳೆಕಾಯಿಗೆ ಕೈ ಹಾಕಿದ್ದ. ಯೋಗರಾಜ ಬಸ್ಸಿಳಿದು ಓಡಿ ಬಂದಾಗ ಬಾಣಲೆಯ ಮುಂದೆ ನಿಂತಿದ್ದ. ಕತೆ ಕೇಳಿ ಜಾಲರಿ ಸೌಟನ್ನು ಇವನ ಕೈಗೆ ಕೊಟ್ಟು ಕಾಗದ ಹುಡುಕಿದ.

“ಅದಕ್ಕೆಂತ ಮಾರಾಯ, ಬರ್ಕೊಡ್ತೀನಿ. ನಾನು ಎಂತದೂ ಮಾಡಿಲ್ಲ, ಎಲ್ಲಾ ನಿಂದೇ ಅಂತ ಬರೀಲಾ?”

ಯೋಗರಾಜನಿಗೆ ಅವನನ್ನು ತಬ್ಬಿಕೊಳ್ಳಬೇಕು ಅನಿಸಿತು. ಅಷ್ಟರಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಕೃಷ್ಣಪ್ರಸಾದನ ಹೆಂಡತಿ ಬಿಂದುಶ್ರೀ ಎದ್ದಳು.

“ಎಂತ? ಎಂತದೂ ಮಾಡದೆ ಡಾಕ್ಟರೇಟ್ ತಗೊಂಡ್ರಾ ನೀವು? ಅದನ್ನ ನೋಡೇ ಅಲ್ವಾ ನಮ್ಮಪ್ಪ ಹೆಣ್ಣು ಕೊಟ್ಟಿದ್ದು! ಯೋಗಣ್ಣ, ಬೇಜಾರು ಮಾಡ್ಕೋಬೇಡಿ, ಇಬ್ರೂ ಸಮ ಅಂತ ಬೇಕಾದ್ರೆ ಬರೆಸ್ಕೊಳ್ಳಿ.”

ಚಿಪ್ಸಿಗೆ ಕಾಯುತ್ತಿದ್ದ ಇಬ್ಬರು ಗಿರಾಕಿಗಳು ನ್ಯಾಯ ಅಂದರೆ ಇದೇ ಅಂದರು. ಯೋಗರಾಜ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಸಮ ಅಂದರೆ ಹತ್ತರಲ್ಲಿ ಐದು. ಒಂದಕ್ಕಿಂತ ಐದು ವಾಸಿ. ಲೆಕ್ಕದ ಭರದಲ್ಲಿ ಸೌಟು ಎಣ್ಣೆಗೆ ಬಿತ್ತು; ಸಂದರ್ಶನಕ್ಕೆಂದೇ ಹೊಲಿಸಿದ್ದ ಶರಟಿನ ಮೇಲೆ ಎಣ್ಣೆಯ ದೊಡ್ಡ ಭೂಪಟ ಮೂಡಿತು.

ಕೃಷ್ಣಪ್ರಸಾದನಿಗೆ ಹೇಗೂ ಹೊಸನಗರ, ತೀರ್ಥಹಳ್ಳಿಯ ಅಂಗಡಿಗಳಿಗೆ ಚಿಪ್ಸ್ ಹಾಕುವುದಿತ್ತು. ಇವನನ್ನೂ ಓಮ್ನಿಗೆ ತುಂಬಿಕೊಂಡು, ಹೊಸನಗರದಲ್ಲಿ ಪತ್ರ ಬರಹಗಾರ ಮಧುಸೂದನನ ಮೇಜಿನ ಮುಂದೆ ಇಳಿಸಿದ. ಮಧುಸೂದನ ಮೂವತ್ತು ವರ್ಷದಿಂದ ಅಣ್ಣತಮ್ಮಂದಿರ ಜಮೀನು ಪಾಲು ಮಾಡುತ್ತ ಬಂದವನು. ಬೇರೆ ಥರದ ಪತ್ರ ಅವನ ಕೈಯಲ್ಲಿ ಬರುತ್ತಿರಲಿಲ್ಲ.

“ಇಬ್ರಿಗೂ ಸಮಪಾಲು. ಸರಿ. ಆಸ್ತಿ ಎಂತದು?”

“ಒಂದು ಕಣ. ಅದರ ಬಗ್ಗೆ ಹನ್ನೊಂದು ಪ್ರಬಂಧ.”

“ಚೆಕ್ಕುಬಂದಿ ಹೇಳಿ. ಪೂರ್ವಕ್ಕೆಂತ, ಪಶ್ಚಿಮಕ್ಕೆಂತ?”

“ಅದು ಎಲ್ಲಿದೆ ಅಂತ ಗೊತ್ತಿಲ್ಲ.”

ಮಧುಸೂದನ ಕನ್ನಡಕ ತೆಗೆದ. “ಜಾಗ ನೋಡದೇ ಪಾಲು ಮಾಡ್ಕೊಳ್ತಾ ಇದ್ದೀರಾ? ಹಂಗಾದ್ರೆ ಪತ್ರ ಗಟ್ಟಿ ಇರ್ಬೇಕು. ನಾಳೆ ಕಣ ಸಿಕ್ಕಿದ ಮೇಲೆ ಕೋರ್ಟಿಗೆ ಓಡೋ ಹಂಗಾಗ್ಬಾರ್ದು.”

ಗಟ್ಟಿಯಾಗಿಯೇ ಬರೆದ. ‘ಸದರಿ ಹನ್ನೊಂದು ಪ್ರಬಂಧಗಳಲ್ಲಿ ಉಭಯತ್ರರಿಗೂ ಸಮಪಾಲು ಇರುತ್ತದೆ. ಹೆಸರು ಮುಂದೆ ಬಂದವರಾಗಲಿ, ಕೊನೆಗೆ ಬಂದವರಾಗಲಿ ತಾವೇ ಮುಖ್ಯರೆಂದು ಹಕ್ಕು ಸಾಧಿಸತಕ್ಕದ್ದಲ್ಲ. ಉಭಯತ್ರರಾಗಲಿ, ಅವರ ವಾರಸುದಾರರಾಗಲಿ ಮುಂದೆ ಯಾವ ಕಾಲಕ್ಕೂ ಈ ಬಗ್ಗೆ ತಂಟೆ ತಕರಾರು ಮಾಡತಕ್ಕದ್ದಲ್ಲ.’ ಇಬ್ಬರೂ ಸಹಿ ಹಾಕಿದರು. ಪಕ್ಕದಲ್ಲಿದ್ದ ನೋಟರಿ ಸೀಲು ಒತ್ತಿದರು. ತಕರಾರು ಬಂದ್ರೆ ಫೋನ್ ಮಾಡಿ ಅಂತ ಮಧುಸೂದನ ತನ್ನ ನಂಬರನ್ನು ಯೋಗರಾಜನ ಮೊಬೈಲಿಗೆ ಹಾಕಿಸಿದ. ಓದಿ ನೋಡಲು ಯೋಗರಾಜನಿಗೆ ಪುರುಸೊತ್ತಿರಲಿಲ್ಲ, ಗಂಟೆ ಒಂದಾಗಿತ್ತು.

ಚಿಪ್ಸಿನ ಡಬ್ಬ ತೊಡೆಯ ಮೇಲಿಟ್ಟುಕೊಂಡು, ತಿರುವು ತಿರುವಿಗೂ ಅದನ್ನು ತಬ್ಬಿಕೊಂಡು, ಅವನು ತೀರ್ಥಹಳ್ಳಿ ಮುಟ್ಟುವಾಗ ಎರಡೂ ಮುಕ್ಕಾಲು. ಆಗಲೇ ಅವನ ಹೆಸರು ಕೂಗುತ್ತಿದ್ದರು. ಒಳಗೆ ಟ್ರಸ್ಟಿನ ಕಾರ್ಯದರ್ಶಿ ರವೀಂದ್ರ, ನಿವೃತ್ತ ಪ್ರಾಣಿಶಾಸ್ತ್ರ ಪ್ರಾಧ್ಯಾಪಕ ಗಣೇಶಮೂರ್ತಿ ಇಬ್ಬರೇ ಕೂತಿದ್ದರು. ಭೌತಶಾಸ್ತ್ರದ ತಜ್ಞರು ಬಂದಿರಲಿಲ್ಲ. ಕೊಬ್ಬರಿ ಎಣ್ಣೆಯ ಘಮಲು ಹರಡುತ್ತ ಬಂದವನನ್ನು ಕಂಡು ಗಣೇಶಮೂರ್ತಿ ಎದ್ದು ನಿಂತು ಕೈಮುಗಿದರು. “ಬನ್ನಿ ಬನ್ನಿ, ನಿಮ್ಮಂಥೋರು...”

“ಸಾರ್, ಮೊದ್ಲು ಇದನ್ನೊಂದು ನೋಡ್ಬಿಡಿ,” ಅಂತ ಯೋಗರಾಜ ಪತ್ರ ಚಾಚಿದ.

ಗಣೇಶಮೂರ್ತಿ ಓದಿದರು. ಓದುತ್ತ ಓದುತ್ತ ಕುಳಿತರು. ಅವರ ಮುಖ ಬಿಸಿಲಿಗಿಟ್ಟ ವೀಳ್ಯದೆಲೆಯ ಹಾಗೆ ಬಾಡಿತು.

“ಯಾಕ್ರೀ ತಂದ್ರಿ ಇದನ್ನ?” ಅಂತ ಅಂಕಪಟ್ಟಿ ತಿರುಗಿಸಿ ತೋರಿಸಿದರು. ಯೋಗರಾಜನ ಹೆಸರಿನ ಮುಂದೆ ನೂರಾಹತ್ತು ಅಂತಿತ್ತು. “ನಮ್ಮ ಪ್ರಾಣಿಶಾಸ್ತ್ರದಲ್ಲಿ ಕಪ್ಪೆ ಕೊಯ್ದ ಹುಡುಗನ ಹೆಸರು ಮೊದ್ಲು, ಲ್ಯಾಬಿನ ಯಜಮಾನರ ಹೆಸರು ಕೊನೆಗೆ. ಹನ್ನೊಂದರಲ್ಲೂ ಕೊನೇ ಹೆಸರು ನಿಮ್ದೇ! ಇಂಥಾ ದೊಡ್ಡ ಮನುಷ್ಯರು ನಮ್ಮ ಕಾಲೇಜಿಗೆ ಬರ್ತಿದ್ದಾರೆ, ಕೇಳೋದೇನಿದೆ, ಆರ್ಡರ್ ಕೊಡೋಣ ಅಂತ ಬೆಳಿಗ್ಗೆಯಿಂದ ಇವರಿಗೆ ಹೇಳ್ತಾ ಇದ್ದೆ.”

ಯೋಗರಾಜನಿಗೆ ನಿಜವಾಗಿ ಅಳು ಬಂತು. ಬೆಳಿಗ್ಗೆ ಬಸ್ಸು ಕೆಟ್ಟು ನಿಂತಿದ್ದರೂ, ಏನೂ ಮಾಡದೆ ಸುಮ್ಮನೆ ಮಲಗಿದ್ದರೂ ಈ ಕೆಲಸ ಅವನದಾಗುತ್ತಿತ್ತು.

“ಸಾರ್, ಅದನ್ನ ವಾಪಸ್ ಕೊಟ್ಬಿಡಿ. ನಾನು ಕೊಟ್ಟೇ ಇಲ್ಲ ಅಂತ ತಿಳ್ಕೊಳ್ಳಿ.”

“ಅದು ಹ್ಯಾಗಾಗುತ್ತೆ?” ರವೀಂದ್ರ ಪತ್ರವನ್ನು ತಮ್ಮ ಕಡೆ ಎಳೆದುಕೊಂಡರು. “ಮುಖ್ಯ ಅಂತ ಹಕ್ಕು ಸಾಧಿಸೋದಿಲ್ಲ ಅಂತ ನೀವೇ ಸಹಿ ಹಾಕಿದ್ದೀರಿ. ತಕರಾರು ಮಾಡೋ ಹಾಗೂ ಇಲ್ಲ. ನಿಮ್ಮ ಮಕ್ಕಳು ಬಂದು ಕೇಳಿದ್ರೂ ನಾವು ಕೊಡೋ ಹಾಗಿಲ್ಲ.”

“ಸಮ ಅಂತಾದ್ರೂ ಅರ್ಧ ಕೊಡ್ಬಹುದಲ್ಲ ಸಾರ್?”

“ಮುಖ್ಯರಿಗೆ ಹತ್ತು, ಇತರರಿಗೆ ಒಂದು. ಅರ್ಧ ಮುಖ್ಯರಿಗೆ ಇದರಲ್ಲಿ ಕಾಲಮ್ಮೇ ಇಲ್ಲ,” ಅಂತ ನಿಟ್ಟುಸಿರು ಬಿಟ್ಟು ಗಣೇಶಮೂರ್ತಿ ನೂರಾಹತ್ತನ್ನು ಹೊಡೆದು ಹನ್ನೊಂದು ಬರೆದರು. ಮುಂದಿನ ಅಭ್ಯರ್ಥಿಯನ್ನು ಕರೆಯಲು ಗಂಟೆ ಒತ್ತಿದರು.

ಯೋಗರಾಜ ಫೈಲು ಮಡಚಿಕೊಂಡು ಬಾಗಿಲ ತನಕ ಹೋಗಿದ್ದ. ಹಿಂದಿನಿಂದ ರವೀಂದ್ರ ಕರೆದರು. ಅವರು ಇನ್ನೂ ಪತ್ರವನ್ನೇ ಓದುತ್ತಿದ್ದರು. ಮುಖದಲ್ಲಿ ಅಪಾರ ಗೌರವವಿತ್ತು. ಯೋಗರಾಜ ಎರಡೇ ಹೆಜ್ಜೆಗೆ ಮೇಜಿನ ಹತ್ತಿರ ಬಂದ.

“ಒಂದ್ನಿಮಿಷ ಸಾರ್. ನಮ್ಮ ಟ್ರಸ್ಟಿನ ಕಟ್ಟಡದ ಹಿಂದಿನ ಜಾಗಕ್ಕೆ ಹನ್ನೆರಡು ವರ್ಷದಿಂದ ದಾಯಾದಿಗಳ ಕಿರಿಕಿರಿ. ಎಲ್ಲೂ ಒಂದು ಸಂದು ಬಿಡದ ಹಾಗೆ ಬರೆದಿದ್ದಾರಲ್ಲ, ಯಾರಿವರು? ನಂಬರ್ ಇದೆಯಾ?”

ಯೋಗರಾಜ ಮೊಬೈಲ್ ತೆಗೆದು ಮಧುಸೂದನನ ನಂಬರನ್ನು ಒಂದೊಂದೇ ಅಂಕಿಯಾಗಿ ಹೇಳಿದ. ಆ ದಿನ ಸಮಿತಿಯವರು ಅವನ ಬಾಯಿಂದ ಕೇಳಿ ಬರೆದುಕೊಂಡದ್ದು ಅದೊಂದೇ.